ಹೆಬ್ಬೆರಳಿಗೆ ಒಗ್ಗಿದ ಆಟ

ಇದು ಎರಡು ವರ್ಷದ ಹಿಂದಿನ ಮಾತು, ನನಗಾಗ ಎಪ್ಪತ್ತೊಂದು. ಚನ್ನಗಿರಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋಗಿ ಬಲಗೈ ಮುರಿದುಕೊಂಡೆ. ತಪ್ಪು ಡ್ರೈವರನದೆಂದು ಊರಿಗೆಲ್ಲ ಹೇಳಿದ್ದೇನೆ, ನಿಜ ಹೇಳುತ್ತಿರುವುದು ಇಲ್ಲಿ ಮಾತ್ರ. ಪಟ್ಟಿ ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು, ಹೆಬ್ಬೆರಳು ಮಾತ್ರ ಒಣಮೆಣಸಿನಕಾಯಿಯ ಹಾಗೆ ಮುದುಡಿಕೊಂಡಿತ್ತು. ಹಿಸುಕಲು ಡಾಕ್ಟರು ರಬ್ಬರ್ ಚೆಂಡು ಕೊಟ್ಟರು. ಎರಡು ದಿನ ಹಿಸುಕಿ ಬೇಜಾರಾಗಿ ನಾಯಿಗೆ ಎಸೆದೆ. ನಾಯಿಗೂ ಬೇಜಾರಾಯಿತು.

ಚಿಂತೆ ಬೆರಳಿನದಲ್ಲ, ಎಮ್ಮೆಯದು. ನಮ್ಮ ಎಮ್ಮೆ ನನ್ನ ಕೈಗಲ್ಲದೆ ಹಾಲು ಕೊಡುವುದಿಲ್ಲ. ಸೊಸೆ ಕೂತರೆ ಒದೆಯುತ್ತದೆ, ಮಗ ಕೂತರೆ ಮಲಗಿಬಿಡುತ್ತದೆ. ನಾನು ಎಡಗೈಯಲ್ಲಿ ಹಿಂಡಿದರೆ ಅರ್ಧ ಚೊಂಬು. ಮಗ ಒಂದು ದಿನ, “ಅವ್ವಾ, ಹಬ್ಬ ಕಳೀಲಿ, ಎಮ್ಮೆ ಮಾರಿಬಿಡಾಣ. ಕೆಚ್ಚಲು ಬತ್ತಿದ ಮ್ಯಾಲೆ ಯಾರೂ ಕೇಳಾಕಿಲ್ಲ” ಅಂದ. ಅವನು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು.

ಮೊಮ್ಮಗಳು ಸುಮಾ ಚನ್ನಗಿರಿ ಕಾಲೇಜಿಗೆ ಹೋಗುತ್ತಾಳೆ. ಯಾವಾಗಲೂ ಫೋನಿನಲ್ಲಿ ಆಟ. ಅದಕ್ಕೆ ನಾನು ಬೈಯದ ದಿನವಿಲ್ಲ. ಅವಳೇ ಒಂದು ಸಂಜೆ, “ಅಜ್ಜೀ, ಇದನ್ನ ಆಡು, ಬೆರಳು ಸಡ್ಲ ಆಗ್ತೈತೆ” ಎಂದು ಫೋನು ಕೈಗಿಟ್ಟಳು. ಟೀವಿಗೆ ಸಿಕ್ಕಿಸಿ ಆಡುವಂಥ ದೊಡ್ಡ ಆಟವಂತೆ, ಈಗ ಫೋನಿಗೂ ಬಂದಿದೆಯಂತೆ: ಕುದುರೆ, ಹೊಳೆ, ಆಚೆಗೆ ಬೆಟ್ಟ. ನನ್ನ ಹೆಬ್ಬೆರಳು ಕುದುರೆಯನ್ನೇ ಮುಚ್ಚಿತು. ಕುದುರೆ ಮೂರು ಸಲ ಹೊಳೆಗೆ ಬಿತ್ತು.

“ಇದು ಆಗಾಕಿಲ್ಲ ಕಣೆ. ಕೆಚ್ಚಲು ನೋಡ್ಕಂತ ಯಾರು ಹಾಲು ಕರೀತಾರೆ? ಕೈಗೆ ಗೊತ್ತಾಗ್ಬೇಕು. ಈ ಗಾಜಿನ ಮ್ಯಾಲೆ ಹಿಡಿಯಾಕೆ ಏನೈತೆ?”

“ಅಜ್ಜಿ ಹೇಳೋದು ಖರೇನೇ ಐತೆ,” ಎಂದು ನಕ್ಕಳು. ಮಾರನೆಯ ದಿನ ಗೆಳತಿಯಿಂದ ಒಂದು ಆಟದ ಡಬ್ಬಿ ಕೇಳಿ ತಂದಳು. ನಡುವೆ ಪರದೆ, ಎರಡೂ ಕಡೆ ಎಮ್ಮೆಯ ತೊಟ್ಟಿನಂಥ ಮೊಟಕು ಗುಂಡಿ. ಒಳಗೆ ಅದೇ ಆಟ, ಈ ಸಲ ಕುದುರೆ ಹೊಳೆ ದಾಟಿತು. ಅಕ್ಷರಗಳು ಇರುವೆಗಿಂತ ಸಣ್ಣವು. ದೊಡ್ಡ ಟೀವಿಗೆ ಬರೆದದ್ದನ್ನು ಅಂಗೈಯಗಲಕ್ಕೆ ಇಳಿಸಿದರೆ ಇನ್ನೇನಾಗುತ್ತದೆ? ಬಸ್ಸಿನ ಬೋರ್ಡು ಓದುವಷ್ಟೇ ಬರುವ ನನಗೆ ಅದರಿಂದ ನಷ್ಟವಿಲ್ಲ. ಕಣ್ಣು ಕಿರಿದು ಮಾಡಿ ಓದಿದವಳು ಸುಮಾ. ಈ ಡಬ್ಬಿಯ ದೊಡ್ಡ ಗುಣ ಬೇರೆ. ಒಲೆಯ ಮೇಲೆ ಹಾಲಿದ್ದರೆ ಒಂದು ಗುಂಡಿ ಒತ್ತಿ ಎದ್ದು ಹೋಗಬಹುದು. ಕುದುರೆ ಎತ್ತಿದ ಕಾಲನ್ನು ಎತ್ತಿಕೊಂಡೇ ಕಾಯುತ್ತದೆ. ಹೇಳಿದಂತೆ ಕೇಳುವ ಇಂಥ ಜೀವವನ್ನು ಈ ಮನೆಯಲ್ಲಿ ನಾನು ಕಂಡಿರಲಿಲ್ಲ.

ಒಂದು ತಿಂಗಳು ಹೀಗೇ ಆಡಿದೆ. ಕುದುರೆ ಬೆಟ್ಟದ ತುದಿ ಮುಟ್ಟಿದ ಸಂಜೆ ಸುಮಾ ಪರದೆ ನೋಡಲಿಲ್ಲ, ನನ್ನ ಕೈ ನೋಡಿದಳು. “ಅಜ್ಜೀ, ನಿನ್ನ ಬೆರಳು.” ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಅವಳಿಗೆ ಬೈದ ಬೈಗುಳವನ್ನೆಲ್ಲ ವಾಪಸು ತೆಗೆದುಕೊಳ್ಳುವ ದಾರಿ ಗೊತ್ತಾಗಲಿಲ್ಲ. ರಾತ್ರಿ ಊಟದಲ್ಲಿ ಅವಳ ಮುದ್ದೆಗೆ ಒಂದು ಸೌಟು ತುಪ್ಪ ಜಾಸ್ತಿ ಹಾಕಿದೆ.

ಮಾರನೆಯ ಬೆಳಿಗ್ಗೆ ಎರಡೂ ಕೈಯಲ್ಲಿ ಕರೆದೆ, ಚೊಂಬು ತುಂಬಿತು. ಮಗ ಬಗ್ಗಿ ನೋಡಿ, ಮಾರುವ ಮಾತೆತ್ತದೆ ಎಮ್ಮೆಗೆ ಹುಲ್ಲು ಹಾಕಿದ. ನಾನು ಹಾಲನ್ನು ಒಲೆಗಿಟ್ಟು, ಬೆಟ್ಟದ ಆಚೆ ಏನಿದೆಯೆಂದು ಒಂದು ಚೂರು ನೋಡೋಣವೆಂದು ಡಬ್ಬಿ ಹಿಡಿದು ಕೂತೆ.

“ಅತ್ತೇ, ಹಾಲೆಲ್ಲ ಉಕ್ಕಿ ಹೋಗೇತಿ. ಆಟ ಸಾಕು ಮಾಡ್ರಿ,” ಅಂದಳು ಸೊಸೆ.

ನಿಲ್ಲಿಸುವ ಗುಂಡಿ ಇತ್ತು. ನಾನು ಒತ್ತಿರಲಿಲ್ಲ.