ಐದನೆಯ ನಡೆ

"ಈ ರಾಣಿಗೆ ಅರಮನೆ ಒಳಗೆ ಒಂದು ಕೆಲಸಾನೂ ಇರಲ್ವಾ?"

ಹಾಸಿಗೆ ಹೊಲಿಯುವವನು ಇದನ್ನು ಕನ್ನಡಿಯನ್ನೂ ಕೇಳಲಿಲ್ಲ, ಕಿಟಕಿಯಾಚೆ ಬೆಳಗಾಗುತ್ತಿದ್ದ ಆಕಾಶವನ್ನೂ ಕೇಳಲಿಲ್ಲ. ಸುಮ್ಮನೆ ಕೇಳಿದ. ಅರ್ಧ ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು.

ಅವನು ದುಡಿಯುವ ಹಾಸಿಗೆ ಅಂಗಡಿಯಲ್ಲಿ ಒಂದು ಪದ್ಧತಿ. ಹೊಲಿದು ಮುಗಿದ ಹಾಸಿಗೆಯ ಮೇಲೆ ಮಧ್ಯಾಹ್ನ ಕೆಲಸಗಾರನೊಬ್ಬ ಮಲಗಿ ನೋಡಬೇಕು. ನಿದ್ದೆ ಬಂದರೆ ಮಾರಾಟಕ್ಕೆ, ಬಾರದಿದ್ದರೆ ಬಿಚ್ಚಿ ಮತ್ತೆ ತುಂಬುವುದಕ್ಕೆ. ಇಂಥ ಪುಣ್ಯದ ಕೆಲಸಕ್ಕೆ ಕಿತ್ತಾಟವಾಗದೆ ಇದ್ದೀತೆ? ಆಗಿ ಆಗಿ, ಕೊನೆಗೊಂದು ತೀರ್ಮಾನಕ್ಕೆ ಬಂದಿದ್ದರು: ಊಟದ ಹೊತ್ತಿನ ಚದುರಂಗದಲ್ಲಿ ಗೆದ್ದವನಿಗೆ ನಿದ್ದೆ, ಸೋತವನಿಗೆ ಹತ್ತಿ ಹಿಂಜುವ ಕೋಣೆಯ ಧೂಳು. ಆಟವೂ ಅದೇ ಹೊಸ ಹಾಸಿಗೆಯ ಮೇಲೆಯೇ. ಗೆದ್ದವನು ಮಣೆಯನ್ನು ಬದಿಗೆ ಸರಿಸಿ ಕಾಲು ಚಾಚಿದರಾಯಿತು.

ಕಾಲು ಚಾಚುತ್ತಿದ್ದವನು ಯಾವಾಗಲೂ ಬಟ್ಟೆ ಕತ್ತರಿಸುವವನೇ. ಕತ್ತರಿ ಎಂದೇ ಅವನಿಗೆ ಹೆಸರು. ಮೊದಲು ಒಂದು ಕಾಲಾಳು. ಹಿಂದೆಯೇ ರಾಣಿ ಓರೆಯಾಗಿ ಬಯಲಿಗೆ. ಅವಳ ಬೆಂಬಲಕ್ಕೆ ಒಂಟೆ. ಆಮೇಲೆ ರಾಣಿ ಎದುರಾಳಿಯ ರಾಜನ ಮಗ್ಗುಲಿನ ಬಡಪಾಯಿ ಕಾಲಾಳನ್ನು ನುಂಗಿ ಅಲ್ಲೇ ಠಿಕಾಣಿ ಹೂಡುವಳು. ನಾಲ್ಕೇ ನಡೆ, ಆಟ ಮುಗಿಯಿತು. ಊಟದ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಸೋಲಿನ ಅವಮಾನ ಹೊಲಿಯುವವನಿಗೆ ಒಗ್ಗಿಹೋಗಿತ್ತು. ನಿದ್ದೆ ಇಲ್ಲದ್ದು ಒಗ್ಗಿರಲಿಲ್ಲ. ಮನೆಯಲ್ಲಿ ಅವಳಿ ಕೂಸುಗಳು. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಪಾಳಿಗೆ ಬಂದಂತೆ ಬಾಯಿ ತೆರೆಯುತ್ತಿತ್ತು. ನಿದ್ದೆಯೆಂದರೆ ಯಾರೋ ಹಿರಿಯರು ಹೇಳಿದ ಕತೆ ಎಂಬಂತಾಗಿತ್ತು ಅವನಿಗೆ. ಎಚ್ಚರವೂ ಪೂರಾ ಎಚ್ಚರವಲ್ಲ. ನೀರಿನಡಿಯ ಊರಿನಲ್ಲಿ ನಡೆಯುವವನಂತೆ ನಡೆಯುತ್ತಿದ್ದ.

"ಏನಪ್ಪಾ, ಇವತ್ತೂ ನಾಲ್ಕೇನಾ?" ಪಕ್ಕದ ಮನೆಯ ನಿವೃತ್ತ ಟಿಕೆಟ್ ಕಲೆಕ್ಟರು ಗೋಡೆಯ ಮೇಲಿಂದ ಕತ್ತು ಚಾಚಿದರು. "ರಾಣಿ ಬಂದ್ಲಾ, ಕುದುರೆ ಬಿಡು. ಹೆದರಿ ಓಡ್ತಾಳೆ."

"ನಿನ್ನೆ ಬಿಟ್ಟೆ ಮಾವ. ಅವಳು ಕುದುರೆ ಕಡೆ ತಿರುಗಿಯೂ ನೋಡ್ಲಿಲ್ಲ. ಸೀದಾ ಬಂದು ರಾಜನ ಪಕ್ಕ ಕೂತ್ಲು."

"ಹಾಗಾದ್ರೆ ನಿನ್ನ ಕುದುರೇನೇ ಸರಿಯಿಲ್ಲ."

ಹೆಂಡತಿ ಒಂದು ಕೂಸನ್ನು ಹೆಗಲಿಗೂ ಇನ್ನೊಂದನ್ನು ಸೊಂಟಕ್ಕೂ ಹಾಕಿಕೊಂಡು ಬಾಗಿಲಿಗೆ ಬಂದಳು. "ಅಲ್ರೀ, ಕಳ್ಳ ಬಾಗಿಲು ತಳ್ತಿದ್ರೆ ನೀವು ಹಿತ್ತಲಿಂದ ಸುತ್ತಿ ಹೋಗಿ ಅವನ ಟೋಪಿ ಎಳೀತೀರಾ? ಮೊದ್ಲು ಅಗುಳಿ ಹಾಕಿ. ದೊಣ್ಣೆ ಆಮೇಲೆ ಹುಡುಕಿದ್ರಾಯ್ತು."

"ಅಗುಳಿ ಯಾವುದೇ ಅದರಲ್ಲಿ?"

"ನಂಗೇನು ಗೊತ್ತು? ಚಿಕ್ಕದು ಯಾವುದಾದ್ರೂ ಇರುತ್ತಲ್ಲ. ತಗೊಳ್ಳಿ, ಇವನನ್ನ ಹಿಡ್ಕೊಳ್ಳಿ."

ಅಗುಳಿಯನ್ನೇ ಧ್ಯಾನಿಸುತ್ತಾ ಕೆಲಸಕ್ಕೆ ಹೊರಟ. ಕಾಲುದಾರಿಯ ಚಪ್ಪಡಿಗಳು ಒಂದು ಬಿಳಿ, ಒಂದು ಕಪ್ಪಾಗಿ ಕಂಡವು. ಕಾಲಾಳಿನಂತೆ ಒಂದೊಂದೇ ಚೌಕ ಮುಂದಕ್ಕೆ ಹೆಜ್ಜೆಯಿಟ್ಟ. ಎದುರಿಗೆ ಸೈಕಲ್ಲು ಬಂದರೂ ಓರೆಯಾಗಲಿಲ್ಲ. ಕಾಲಾಳು ಹಾಗೆಲ್ಲ ಸರಿಯುವಂತಿಲ್ಲವಲ್ಲ. ಸೈಕಲ್ಲಿನವನು ಗಟಾರಕ್ಕೆ ಇಳಿದು ಕೂಗಿದ: "ಕನಸು ಮನೇಲಿ ಕಾಣಯ್ಯಾ!"

"ಮನೇಲಿ ಜಾಗ ಇಲ್ಲ," ಎಂದ ಹೊಲಿಯುವವನು, ನಿಜ ಹೇಳುವ ಶಾಂತಿಯಲ್ಲಿ.

ಮಧ್ಯಾಹ್ನ ಅಂಗಡಿಯೊಳಗೆ ಬಿಸಿಲು ಓರೆಯಾಗಿ ಇಳಿದಿತ್ತು. ಅದರಲ್ಲಿ ಹತ್ತಿಯ ಎಳೆಗಳು, ಮೇಲೆ ಹೋಗುವುದೋ ಕೆಳಗೆ ಬರುವುದೋ ತಿಳಿಯದೆ, ತೇಲುತ್ತಿದ್ದವು. ಬೆಳಗ್ಗೆಯಷ್ಟೇ ಅವನು ಕೊನೆಯ ಹೊಲಿಗೆ ಹಾಕಿದ್ದ ಹಾಸಿಗೆ ನಡುವೆ ಬೆಳ್ಳಗೆ ಮಲಗಿತ್ತು. ಇಬ್ಬರೂ ಮೇಲೆ ಹತ್ತಿ ಕೂತರು. ಹತ್ತಿ ಹಿಂಜುವವನು ಊಟದ ಡಬ್ಬಿ ಹಿಡಿದು ಮಣೆಯ ಮೇಲೆ ಬಾಗಿ ನಿಂತ.

ಕತ್ತರಿಯ ಕಾಲಾಳು ಬಂತು. ರಾಣಿ ಬಂದಳು. ಒಂಟೆ ಬಂತು.

"ಕುದುರೆ! ಕುದುರೆ ಬಿಡೋ!" ಹಿಂಜುವವನು ಬಾಯಿ ತುಂಬ ಅನ್ನದೊಂದಿಗೇ ಅರಚಿದ.

ಕುದುರೆಯ ಕಿವಿಯ ತನಕ ಹೋದ ಬೆರಳು ನಿಂತಿತು. ಹೊಲಿಯುವವನಿಗೆ ಬಾಗಿಲು ಕಂಡಿತು, ತಳ್ಳುವ ಕೈ ಕಂಡಿತು. ಪಕ್ಕದ ಪುಟ್ಟ ಕಾಲಾಳನ್ನು ಒಂದು ಮನೆ ಮುಂದಿಟ್ಟು ರಾಣಿಯ ದಾರಿಗೆ ಅಡ್ಡ ಕಟ್ಟಿದ.

ಕತ್ತರಿ ಹುಬ್ಬೇರಿಸಿದ. ರಾಣಿಯನ್ನು ಹಿಂದೆಗೆದು ಬೇರೆ ದಿಕ್ಕಿನಿಂದ ಅದೇ ಬಡಪಾಯಿಗೆ ಗುರಿಯಿಟ್ಟ. ಈಗ ಕುದುರೆ ಹಾರಿ ನಡುವೆ ನಿಂತಿತು. ಅಗುಳಿ ಆಯಿತು, ದೊಣ್ಣೆಯೂ ಸಿಕ್ಕಿತು.

ಐದನೆಯ ನಡೆ ಎಂಬುದೊಂದು ಲೋಕದಲ್ಲಿದೆ ಎಂದು ಕತ್ತರಿಗೆ ಗೊತ್ತೇ ಇರಲಿಲ್ಲ. ಹೊಲಿಯುವವನಿಗೂ ಗೊತ್ತಿರಲಿಲ್ಲ, ಅಷ್ಟು ದೀರ್ಘಾಯುಷ್ಯ ಅವನ ರಾಜನಿಗೆ ಎಂದೂ ಇರಲಿಲ್ಲ. ಅಲ್ಲಿಂದ ಮುಂದೆ ಇಬ್ಬರು ಕುರುಡರು ಒಂದೇ ಬಾವಿಯ ಸುತ್ತ ನಡೆದಂತೆ ಆಟ ನಡೆಯಿತು. ಕತ್ತರಿಯ ರಾಣಿ ಮನೆದಾರಿ ಮರೆತು ಅಲೆದಲೆದು, ಒಂದು ಆನೆಯ ಎದುರು ಹೋಗಿ ನಿಂತಳು.

"ತಿನ್ನಬಹುದಾ?" ಹೊಲಿಯುವವನು ನಾಚಿಕೊಂಡೇ ಕೇಳಿದ.

"ಕೇಳಿ ತಿಂತಾರೇನೋ!" ಎಂದ ಹಿಂಜುವವನು. "ನುಂಗು!"

ರಾಣಿ ಹೋದ ಮೇಲೆ ಕತ್ತರಿ ಬಹಳ ಯೋಚಿಸತೊಡಗಿದ. ಹುಟ್ಟಿದಾಗಿನಿಂದ ಯೋಚಿಸದೆ ಉಳಿಸಿದ್ದನ್ನೆಲ್ಲ ಅಂದೇ ಖರ್ಚು ಮಾಡುವವನಂತೆ ಯೋಚಿಸಿದ. ಅವನ ರಾಜ ಮೂಲೆ ಸೇರಿದ್ದ. ಎತ್ತ ನಡೆದರೂ ಹೊಲಿಯುವವನ ಮರುನಡೆಗೆ ಆಟ ಮುಗಿಯುವಂತಿತ್ತು. ಹೊಲಿಯುವವನ ಬೆನ್ನಿಗೆ ಆಗಲೇ ಮೆತ್ತನೆಯ ಹಾಸಿಗೆ ತಾಕಿದಂತಾಯಿತು.

"ನಡಿ ಅಣ್ಣ, ನಿನ್ನ ಸರದಿ," ಎಂದ ಮೆಲ್ಲಗೆ.

ಕತ್ತರಿಯ ಗಲ್ಲ ಅಂಗೈಯಿಂದ ಜಾರಿತು. ಭುಜ ವಾಲಿತು. ಒಂದು ದೊಡ್ಡ ಉಸಿರು ಬಿಟ್ಟು, ಸೇನೆಯ ಪಕ್ಕದಲ್ಲೇ ಉರುಳಿ, ಕಾಲು ಚಾಚಿದ. ಗೊರಕೆ ಎದ್ದಿತು.

ಅದೇ ಗಳಿಗೆಗೆ ಯಜಮಾನರು ವಸತಿಗೃಹದ ಒಡತಿಯೊಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಹಿಂಜುವವನು ಡಬ್ಬಿ ಮುಚ್ಚಿ ಮಾಯವಾದ.

ಒಡತಿ ಬಾಗಿ ನೋಡಿದರು. "ಆಟದ ನಡುವೆಯೇ ನಿದ್ದೆ ಬರಿಸಿದ್ಯಲ್ಲ ಈ ಹಾಸಿಗೆ! ಯಾರು ಹೊಲಿದದ್ದು?"

"ನಾನೇ, ಅಮ್ಮ," ಎಂದ ಹೊಲಿಯುವವನು ಅಳುವ ದನಿಯಲ್ಲಿ.

"ನನ್ನ ಎಲ್ಲ ಕೋಣೆಗೂ ಇಂಥದ್ದೇ ಬೇಕು. ಇವನ ಕೈಯಲ್ಲೇ ಹೊಲಿಸಿ. ಬೇಗ."

ಯಜಮಾನರ ಮುಖ ಹುಣ್ಣಿಮೆಯಾಯಿತು. "ಕೇಳಿಸ್ತೇನಯ್ಯಾ? ಏಳು. ಹೋಗಿ ಹತ್ತಿ ಹಿಂಜೋಕೆ ಕೈ ಹಾಕು."

"ಯಜಮಾನ್ರೇ, ಗೆದ್ದಿದ್ದೀನಿ. ಹೆಚ್ಚುಕಡಿಮೆ ಗೆದ್ದೇಬಿಟ್ಟಿದ್ದೀನಿ. ಅವನು ಒಂದೇ ಒಂದು ನಡೆ ನಡೀಬೇಕು, ಅಷ್ಟೇ. ಸ್ವಲ್ಪ ಎಬ್ಬಿಸಿ. ನಿಮ್ಮ ದಮ್ಮಯ್ಯ."

ಯಜಮಾನರು ಗೊರಕೆ ಹೊಡೆಯುತ್ತಿದ್ದ ಕತ್ತರಿಯನ್ನು ನೋಡಿದರು. ಒಡತಿಯನ್ನು ನೋಡಿದರು. ತಮ್ಮ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು, ತೊಟ್ಟಿಲ ಬಳಿ ಮಾತಾಡುವವರ ದನಿಯಲ್ಲಿ ಹೇಳಿದರು:

"ಎಬ್ಬಿಸಲ್ಲ."