ಅಂಬಿಗ ಅಳಿಸಿದ ಹದಿನಾರು ಜನ

ರಾತ್ರಿ ಹನ್ನೊಂದೂವರೆಗೆ ಗುಮಾಸ್ತನ ದಿಂಬಿನ ಕೆಳಗೆ ಫೋನು ಟಿಣ್ ಎಂದಿತು. ಬೋರ್ಡು ಬರೆಯುವವನು ಫೋಟೋ ಕಳಿಸಿದ್ದ: 'ಮುಗೀತು ಸಾರ್. ನಾನು ತಂಗಿ ಮದುವೆಗೆ ಹೊರಟೆ.'

ಗುಮಾಸ್ತ ಓದಿದ. 'ಬಿರುಗಾಳಿಯ ದಿನ ನಮ್ಮೂರ ಅಂಬಿಗ ಈ ಸರೋವರದಲ್ಲಿ ಹದಿನಾರು ಜನರನ್ನು ಅಳಿಸಿದ.'

ಉಳಿಸಿದ ಎಂದಿರಬೇಕಿತ್ತು.

ಸರೋವರದ ಸುತ್ತಲಿನ ರಸ್ತೆಯಲ್ಲಿ ಜಿಲ್ಲೆಯ ಇತಿಹಾಸ ಹೇಳುವ ನಲವತ್ತು ಫಲಕಗಳಿದ್ದವು. ಬರಹವೆಲ್ಲ ಈ ಹಂಗಾಮಿ ಗುಮಾಸ್ತನದೇ. ಹಳೆಯ ಆಸ್ಪತ್ರೆಯ ಮುಂದೆ 'ಇಲ್ಲಿನ ವೈದ್ಯರು ಸಾವಿರಾರು ರೋಗಿಗಳಿಗೆ ಮುಕ್ತಿ ಕೊಟ್ಟರು' ಎಂದು ಬರೆಸಿದಾಗ ಸಾಹೇಬರು, "ಇನ್ನೊಂದು ತಪ್ಪು ಕಂಡ್ರೆ ನಿನಗೂ ಮುಕ್ತಿನೇ" ಎಂದಿದ್ದರು. ನಾಳೆ ಕೊನೆಯ ಫಲಕದ ಅನಾವರಣ. ತಪ್ಪಿಲ್ಲದಿದ್ದರೆ ಹನ್ನೊಂದು ವರ್ಷ ಕಾದ ಕಾಯಂ ಆದೇಶಕ್ಕೆ ಅಲ್ಲೇ ಸಹಿ.

ಬೆಳಿಗ್ಗೆ ಕುಂಚ, ಬಣ್ಣದ ಡಬ್ಬಿ ಹಿಡಿದು ಫಲಕದ ಮುಂದೆ ಕುಕ್ಕರುಗಾಲಲ್ಲಿ ಕೂತ. ಎದುರಿನ ಚಹಾ ಅಂಗಡಿಯವನು ನೆರವಿಗೆ ಓಡಿಬಂದ.

"ಆ ಅಕಾರದ ಬಾಲ ಅಳಿಸಿ ಸಾರ್. ಅಯ್ಯೋ, ಅಷ್ಟಲ್ಲ! ಈಗ ಬಾತುಕೋಳಿ ಆಯ್ತು ನೋಡಿ."

ನಿಜಕ್ಕೂ ಬಾತುಕೋಳಿಯೇ. ಅದನ್ನೂ ಒರೆಸಿ ಬರೆದಾಗ ಅಂತೂ ಉ ಮೂಡಿತು. ಗುಮಾಸ್ತ ಉಸಿರು ಬಿಟ್ಟ. ಅಂಗಡಿಯವನು ಹಾಲು ಉಕ್ಕಿತೆಂದು ಓಡಿದ.

"ಯಾಕಪ್ಪಾ ಕೆಡಿಸಿದೆ?"

ಹಿಂದೆ ಅಂಬಿಗನ ಹೆಂಡತಿ ನಿಂತಿದ್ದಳು. ತೊಂಬತ್ತು ದಾಟಿದ ಅಜ್ಜಿ. ಇವತ್ತು ಪರದೆ ಎಳೆಯುವವಳು ಅವಳೇ.

"ತಪ್ಪಿತ್ತು ಅಜ್ಜಿ, ಸರಿ ಮಾಡಿದೆ."

"ಮೊದಲೇ ಸರಿ ಇತ್ತು. ಹದಿನಾರನೆಯವಳು ನಾನೇ ಕಣೋ. ನೀರಿಂದ ಎತ್ತಿದ, ಮದುವೆಯಾದ, ನಲವತ್ತು ವರ್ಷ ಅಳಿಸಿದ. ಮಿಕ್ಕ ಹದಿನೈದು ಜನ ಪುಣ್ಯವಂತರು, ಒದ್ದೆ ಬಟ್ಟೆಯಲ್ಲೇ ಮನೆಗೆ ಹೋದರು." ಅವಳ ದನಿ ತಗ್ಗಿತು. "ಬೆಳಕು ಹರಿಯುತ್ತಲೇ ಬಂದು ಓದಿದಾಗ, ಒಬ್ಬನಿಗಾದರೂ ಗೊತ್ತಾಯ್ತಲ್ಲ ಅನ್ನಿಸ್ತು. ಹಾಗೇ ಬರಿ. ಇಲ್ಲಾಂದ್ರೆ ಪರದೆ ಮುಟ್ಟಲ್ಲ. ನಾನು ಹೇಳಿದೆ ಅಂತ ಮಾತ್ರ ಬಾಯಿಬಿಡಬೇಡ. ಮಕ್ಕಳಿಗೆ ಅಪ್ಪ ಅಂದ್ರೆ ದೇವರು."

ಪರದೆ ಸರಿಯದಿದ್ದರೆ ಸಹಿಯೂ ಇಲ್ಲ; ಬರೆದದ್ದನ್ನು ಸಾಹೇಬರು ಓದದೆಯೂ ಇರಬಹುದು. ಗುಮಾಸ್ತ ಉ ಒರೆಸಿ ಮತ್ತೆ ಅ ಬರೆದ.

ಹತ್ತಕ್ಕೆ ಸಾಹೇಬರು ಬಂದರು. ಅಜ್ಜಿ ಪರದೆ ಎಳೆದಳು. ಸಾಹೇಬರು ಫಲಕದ ಕಡೆ ತಿರುಗದೆ ಕೈಯಲ್ಲಿದ್ದ ಹಾಳೆ ನೋಡಿ, "ಹದಿನಾರು ಜನರನ್ನು ಉಳಿಸಿದ!" ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ಅಜ್ಜಿಯ ಮಕ್ಕಳು ಕಣ್ಣೊರೆಸಿಕೊಂಡರು. ಸಾಹೇಬರು ಆದೇಶ ತರಿಸಿ ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಚಹಾ ಅಂಗಡಿಯವನಿಗೆ ಉಪಕಾರ ಮಾಡುವ ಮನಸ್ಸಾಯಿತು.

"ಕೊಡ್ಲೇಬೇಕು ಸಾರ್! ಪಾಪ, ಆ ಒಂದು ಅಕ್ಷರಕ್ಕೆ ಬೆಳಿಗ್ಗೆಯಿಂದ ಎಷ್ಟು ಸಲ ಕೂತೆದ್ದರು ಗೊತ್ತಾ?"

"ಯಾವ ಅಕ್ಷರ?" ಸಾಹೇಬರು ತಿರುಗಿದರು. ಓದಿದರು. ಮತ್ತೊಮ್ಮೆ ಓದಿದರು.

"ಅರೆ, ನಾನು ನೋಡ್ದಾಗ ಸರಿಯಾಗಿತ್ತಲ್ಲ ಸಾರ್!" ಎಂದ ಅಂಗಡಿಯವನು. "ಇವರೇ ಕೂತು ಮತ್ತೆ ತಪ್ಪು ಮಾಡಿದ್ದಾರೆ!"

ಪೆನ್ನಿಗೆ ಮುಚ್ಚಳ ಬಿತ್ತು.

"ಯಾಕಯ್ಯಾ? ಏನಾಯ್ತು? ಬೊಗಳು!"

ಗುಮಾಸ್ತ ಅಜ್ಜಿಯ ಕಡೆ ನೋಡಿದ. ಮಕ್ಕಳ ನಡುವೆ ನಿಂತ ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

"ಕೈ ತಪ್ಪಿತು ಸಾರ್."

ಕೆಲಸವೂ ಕೈ ತಪ್ಪಿತು. ನಡೆದದ್ದನ್ನು ಯಾರಿಗೂ ಹೇಳಬಾರದೆಂದು ದಾರಿಯಲ್ಲೇ ನಿರ್ಧರಿಸಿದ. ಹೆಂಡತಿಗಂತೂ ಖಂಡಿತ ಬೇಡ. ಕೇಳಿದರೆ ಅವಳೂ ಇವನ ಹೆಸರಿಗೊಂದು ಇಂಥದೇ ಫಲಕ ಬರೆಸಿಯಾಳು.