ಹೆಸರಿಲ್ಲದ ಕೆಂಪು ಹಣ್ಣು

ನನ್ನ ಹೆಂಡತಿ ಐಲ್ಸಾ ಕೂಗಾಡಿದರೆ ನನಗೆ ಭಯವಿಲ್ಲ. ಅವಳು ಕಾಗದ, ಪೆನ್ಸಿಲು ಹಿಡಿದು ಸುಮ್ಮನೆ ಕೂತರೆ ಮಾತ್ರ ಎದೆ ಡವಗುಟ್ಟುತ್ತದೆ. ಮೂರು ವರ್ಷದ ಹಿಂದೆ ಅಕ್ಟೋಬರ್ ತಿಂಗಳಲ್ಲಿ ಹಾಗೆ ಕೂತವಳು, ಕಿಟಕಿಯಾಚೆ ನೋಡುತ್ತಾ ಸುಗ್ರೀವಾಜ್ಞೆ ಹೊರಡಿಸಿದಳು.

“ರೀ, ಎದುರುಮನೆ ತೋಟ ನೋಡಿ. ಎಲೆ ಉದುರಿದ್ರೂ ಗಿಡದ ತುಂಬ ಕೆಂಪು, ಹಳದಿ, ಕಿತ್ತಳೆ ಹಣ್ಣು. ನಮ್ಮನೇಲಿ ಇನ್ನು ಮಾರ್ಚ್ ತನಕ ಬಣ್ಣ ಅಂತ ಕಣ್ಣಿಗೆ ಬೀಳೋದು ನಿಮ್ಮ ಮೂಗೊಂದೇ.”

(ಸ್ಕಾಟ್ಲೆಂಡಿನ ಈ ಕ್ರೀಫ್ ಊರಿನ ಚಳಿಗೆ ಯಾರ ಮೂಗು ತಾನೇ ಕೆಂಪಾಗದು? ಆದರೆ ಇದನ್ನು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.)

ತರಬೇಕಾದ ಗಿಡಗಳ ಪಟ್ಟಿ ನನ್ನ ಕೈಗೆ ಬಂತು. ಮೊದಲನೆಯದು ಕೊಟೋನಿಯಾಸ್ಟರ್. ಕಟ್ಟಿಸಿದ ಹಲ್ಲಿರುವವರು ಈ ಹೆಸರನ್ನು ಜೋರಾಗಿ ಹೇಳಬಾರದು. ಎರಡನೆಯದು ಮುಳ್ಳೆಲೆಯ ಹಾಲಿ.

“ಹಾಲಿ ತರುವಾಗ ಗಂಡೊಂದು ಹೆಣ್ಣೊಂದು ನೋಡಿ ತನ್ನಿ. ಗಂಡಿಲ್ದೆ ಅದು ಹಣ್ಣು ಬಿಡಲ್ಲ.”

“ಹಾಲಿ ಗಂಡ ನಾನೊಬ್ಬ ಇದ್ದೀನಲ್ಲೇ!”

“ಅದಕ್ಕೇ ಹೇಳಿದ್ದು, ಪ್ರಯೋಜನಕ್ಕೆ ಬರೋದು ನೋಡಿ ತನ್ನಿ ಅಂತ.”

ಪಟ್ಟಿಯ ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದದ್ದು ಗೆಲ್ಡರ್ ರೋಸ್. (ಹೆಸರಿನಲ್ಲಿ ಗುಲಾಬಿ ಇದೆ, ಗಿಡದಲ್ಲಿ ಇಲ್ಲ.) ಅವಳ ತವರಿನ ಹೊಲದಂಚಿನಲ್ಲಿ ಅದೊಂದಿತ್ತಂತೆ, ಅವರಮ್ಮ ಅದರ ಹಣ್ಣಿನಿಂದ ಜೆಲ್ಲಿ ಕಾಯಿಸುತ್ತಿದ್ದರಂತೆ. “ಬೇರೆ ಏನು ಮರೆತ್ರೂ ಸರಿ, ಅದಿಲ್ದೆ ಮನೆಗೆ ಬರ್ಬೇಡಿ,” ಎಂದಳು.

ಗಿಡ ಮಾರುವಲ್ಲಿ ಮಳೆ, ಗಾಳಿ. ಉಳಿದದ್ದೆಲ್ಲ ಸಿಕ್ಕಿತು. “ಗೆಲ್ಡರ್ ರೋಸಾ? ಬೆಳಿಗ್ಗೇನೇ ಖಾಲಿ ಆಯ್ತಲ್ಲ ಸಾರ್,” ಎಂದಳು ಅಲ್ಲಿದ್ದ ಹೆಂಗಸು. ನಾನು ಮಳೆಯಲ್ಲೇ ಇನ್ನೊಂದು ಸುತ್ತು ಹುಡುಕಿದೆ. ಅಷ್ಟರಲ್ಲಿ ಶೆಡ್ಡಿನ ಹಿಂದೆ ಒಂಟಿ ಗಿಡವೊಂದು ಕಂಡಿತು. ಮೈತುಂಬ ಕೆಂಪು ಗೊಂಚಲು.

“ಇದ್ಯಾವ ಗಿಡಮ್ಮ?”

“ಗೊತ್ತಿಲ್ಲ ಸಾರ್, ನಾನು ಕೆಲಸಕ್ಕೆ ಸೇರಿದ್ದೇ ಸೋಮವಾರ. ಚೀಟಿ ಗಾಳಿಗೆ ಹೋಗಿರ್ಬೇಕು.”

ಗಿಡಗಳ ಪೈಕಿ ನನಗೆ ಗುರುತು ಸಿಗುವುದು ಆಲೂಗಡ್ಡೆ ಒಂದೇ, ಅದೂ ಬೆಂದ ಮೇಲೆ. ಆದರೆ ಭಯವೆಂಬುದು ಮನುಷ್ಯನಿಗೆ ಎಂಥ ಚುರುಕು ಬುದ್ಧಿ ಕೊಡುತ್ತದೆ ನೋಡಿ. ಖಾಲಿಯಾದ ಕಟ್ಟೆಯ ಮೇಲೆ ಗೆಲ್ಡರ್ ರೋಸಿನ ಚೀಟಿಯೊಂದು ಬಿದ್ದಿತ್ತು. ಅದನ್ನೆತ್ತಿ ಈ ಅನಾಥನ ಕೊರಳಿಗೆ ಕಟ್ಟಿದೆ. ನಾಮಕರಣ ಮುಗಿಯಿತು.

ಗಿಡ ಬೆಳೆಯಿತು. ಐಲ್ಸಾ ಬಂದವರಿಗೆಲ್ಲ ಅದನ್ನು ತೋರಿಸಿ, “ನಮ್ಮ ಯಜಮಾನ್ರು ಲಾಕ್ಲನ್ ಆರಿಸಿ ತಂದಿದ್ದು. ಒಂದು ಕೆಲಸ ಆದ್ರೂ ನೆಟ್ಟಗೆ ಮಾಡಿದ್ರು,” ಎನ್ನುತ್ತಿದ್ದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಸಿಕ್ಕಿದ ಏಕೈಕ ಬಿರುದು. ಅದನ್ನು ಹಿಂದಕ್ಕೆ ಕೊಡುವ ಧೈರ್ಯ ಯಾರಿಗಿದೆ?

ಈ ವರ್ಷ ಕೊಂಬೆಗಳು ಬಾಗುವಷ್ಟು ಹಣ್ಣು. ಜೊತೆಗೆ ನಮ್ಮತ್ತೆ ಎಫೀ ಬಂದಿಳಿದರು. ಎಂಬತ್ತೊಂದು ವರ್ಷ. ಹಸುವಿನ ಹೊಟ್ಟೆಯಿಂದ ಕರು ಎಳೆದು ಹಾಕಿದ ಕೈ ಅವರದು, ಕೈ ಕುಲುಕಿದರೆ ನನ್ನ ಬೆರಳು ಲಟಲಟ ಎನ್ನುತ್ತವೆ.

ಶನಿವಾರ ಪೇಟೆಯಿಂದ ಬಂದು ಬಾಗಿಲು ತೆರೆದೆ. ನೆನೆದ ಕಾಲುಚೀಲವನ್ನು ಬೂಟಿನೊಳಗೆ ವಾರಗಟ್ಟಲೆ ಮುಚ್ಚಿಟ್ಟು, ಆಮೇಲೆ ಒಲೆಗೆ ಹಾಕಿದಂಥ ನಾತ! ಅಡುಗೆಮನೆಯಲ್ಲಿ ಅತ್ತೆ ದೊಡ್ಡ ಪಾತ್ರೆ ಕಲಕುತ್ತಿದ್ದರು. ಕಿಟಕಿಯಾಚೆ ನನ್ನ ಗಿಡ ಬೋಳಾಗಿ ನಿಂತಿತ್ತು.

“ಅತ್ತೆ... ಇದು... ವಾಸನೆ...”

“ಹಣ್ಣು ಬೇಯ್ತಾ ಇದೆ ಕಣಪ್ಪ. ನಾಳೆ ಪಾದ್ರಿಗಳು ಊಟಕ್ಕೆ ಬರ್ತಾರಲ್ಲ, ಜಿಂಕೆ ಮಾಂಸದ ಜೊತೆಗೆ ಜೆಲ್ಲಿ.”

“ಹಕ್ಕಿಗಳಿಗೆ ಬಿಡಬಹುದಿತ್ತು ಅತ್ತೆ. ಪಾಪ, ಚಳಿಗಾಲ...”

“ಪಾದ್ರಿಗಳಿಗಿಂತ ನಿನಗೆ ಹಕ್ಕಿ ಹೆಚ್ಚಾ?”

ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಮೊಬೈಲಿನಲ್ಲಿ ‘ಕೆಂಪು ಹಣ್ಣು ವಿಷ’ ಎಂದು ಹುಡುಕಿದೆ. ದೇವರೇ! ಜಗತ್ತಿನ ಕೆಂಪು ಹಣ್ಣುಗಳಲ್ಲಿ ಅರ್ಧ ಕೊಲೆಗಡುಕರು. ಬಾಯಿ ಒಣಗುವುದು, ಎದೆ ಹಾರುವುದು, ಕೈಕಾಲು ತಣ್ಣಗಾಗುವುದು ಲಕ್ಷಣಗಳಂತೆ. ಜೆಲ್ಲಿ ಮೂಸಿದ್ದಕ್ಕೇ ನನಗೆ ಮೂರೂ ಬಂದಿದ್ದವು. ನಿಜ ಹೇಳಿಬಿಡಲೇ ಎಂದು ಹತ್ತು ಸಲ ಬಾಯಿ ತೆರೆದೆ, ಹತ್ತು ಸಲವೂ ಆಕಳಿಸಿ ಮುಚ್ಚಿದೆ.

ಭಾನುವಾರ ಊಟಕ್ಕೆ ಮುಂಚೆ ಒಂದು ವೀರಕಾರ್ಯ ಮಾಡಿದೆ. ಜೆಲ್ಲಿಯ ಸೀಸೆಯನ್ನು ಮೇಜಿಗೆ ಒಯ್ಯುವ ನೆಪದಲ್ಲಿ ಕಲ್ಲಿನ ನೆಲದ ಮೇಲೆ ಬೀಳಿಸಿದೆ. ಸೀಸೆ ಚೂರುಚೂರು. ಎದೆಯ ಮೇಲಿನ ಭಾರ ಇಳಿಯಿತು.

“ಹೋಗ್ಲಿ ಬಿಡಪ್ಪ,” ಎಂದರು ಅತ್ತೆ, “ಇನ್ನೊಂದು ಸೀಸೆ ಇದೆ.”

ಗಿಲೆಸ್ಪಿ ಪಾದ್ರಿಗಳು ಬಂದರು, ಪ್ರಾರ್ಥನೆ ಹೇಳಿದರು. ಇಂಥ ಭಕ್ತಿಯಿಂದ ನಾನು ಎಂದೂ ಆಮೆನ್ ಎಂದಿರಲಿಲ್ಲ. ಅವರು ಜೆಲ್ಲಿ ಹಾಕಿಸಿಕೊಂಡರು, ಚಪ್ಪರಿಸಿದರು, ಮತ್ತೆ ಹಾಕಿಸಿಕೊಂಡರು. ಅವರ ಕೆನ್ನೆ ಕೆಂಪೇರಿತು. ವಿಷವೋ ಒಲೆಯ ಕಾವೋ? ಅತ್ತೆಯೂ ತಿಂದರು. ಅತ್ತೆ ಒಮ್ಮೆ ಕೆಮ್ಮಿದಾಗ ನನ್ನ ಕಣ್ಣ ಮುಂದೆ ಎರಡು ಶವಪೆಟ್ಟಿಗೆ ಸಾಲಾಗಿ ಹಾದು ಹೋದವು.

ಆಗ ಐಲ್ಸಾ ಫೋರ್ಕಿನಲ್ಲಿ ಮಾಂಸದ ತುಂಡು ಚುಚ್ಚಿ, ಕೆಂಪು ಜೆಲ್ಲಿಯಲ್ಲಿ ಅದ್ದಿ ಬಾಯಿಯ ಹತ್ತಿರ ತಂದಳು. ಪಾದ್ರಿಗಳಿಲ್ಲದೆ ಊರು ನಡೆದೀತು. ಅತ್ತೆಯಿಲ್ಲದೆ... ಅದೂ ನಡೆದೀತು. ಇವಳಿಲ್ಲದೆ ನಾನು ಒಂದು ದಿನ ಇರಲಾರೆ. ಅದು ನನಗೆ ತಿಳಿದದ್ದು ಆ ಗಳಿಗೆಯಲ್ಲೇ.

“ತಿನ್ಬೇಡ ಕಣೇ!” ಎಂದು ಚೀರಿ ಅವಳ ಕೈಗೆ ಹೊಡೆದೆ. ಜೆಲ್ಲಿ ಹಾರಿ ಪಾದ್ರಿಗಳ ಬಿಳಿ ಕಾಲರಿನ ಮೇಲೆ ಕೂತಿತು. “ಅದು ಗೆಲ್ಡರ್ ರೋಸ್ ಅಲ್ಲ! ಏನು ಅಂತ ನಂಗೂ ಗೊತ್ತಿಲ್ಲ! ಚೀಟಿ ನಾನೇ ಕಟ್ಟಿದ್ದು, ಮೂರು ವರ್ಷದಿಂದ ಸುಳ್ಳು ಹೇಳ್ತಾ ಇದ್ದೀನಿ! ಆಸ್ಪತ್ರೆಗೆ ಹೊರಡಿ ಎಲ್ಲಾರೂ!”

ಪಾದ್ರಿಗಳ ಚಮಚ ಗಾಳಿಯಲ್ಲೇ ನಿಂತಿತು. ಅತ್ತೆ ಮಾತ್ರ ನಿಧಾನವಾಗಿ ಅಗಿದು, ನುಂಗಿ, ಬಾಯೊರೆಸಿಕೊಂಡರು.

“ಯಾರಪ್ಪ ಹೇಳಿದ್ದು ಅಲ್ಲ ಅಂತ? ಅದು ಗೆಲ್ಡರ್ ರೋಸೇ. ಅರವತ್ತು ವರ್ಷ ಕಿತ್ತಿದ್ದೀನಿ. ಎಲೆಗೆ ಮೂರು ಕವಲು, ಒಳಗೆ ಒಂದೇ ಚಪ್ಪಟೆ ಬೀಜ. ಸಾಲದ್ದಕ್ಕೆ, ಬೇಯುವಾಗ ಹಾಗೆ ನಾರೋ ಹಣ್ಣು ಇಡೀ ಸ್ಕಾಟ್ಲೆಂಡಿನಲ್ಲಿ ಇನ್ನೊಂದಿಲ್ಲ.”

ಅಂದರೆ ನನ್ನ ಸುಳ್ಳು ಸುಳ್ಳಾಗಿರಲೇ ಇಲ್ಲ! ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಿರುದು ಸಾಯುವ ತನಕ ನನ್ನದೇ ಆಗಿರುತ್ತಿತ್ತು.

ಪಾದ್ರಿಗಳು ಕಾಲರಿನ ಜೆಲ್ಲಿಯನ್ನು ಬೆರಳಿನಿಂದ ತೆಗೆದು, ಒಂದು ಕ್ಷಣ ಯೋಚಿಸಿ, ಬಾಯಿಗೆ ಹಾಕಿಕೊಂಡರು. ಐಲ್ಸಾ ಕರವಸ್ತ್ರ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕೊನೆಗೆ ಮೇಜಿನತ್ತಲೇ ನೋಡುತ್ತಾ ತಣ್ಣಗೆ ಕೇಳಿದಳು:

“ಇನ್ನೂ ಇದೆಯಾ?”

ಇನ್ನು ಮುಚ್ಚಿಟ್ಟು ಲಾಭವಿಲ್ಲ. “ಇದೆ!” ಎಂದೆ. “ಭಾನುವಾರ ನಂಗೆ ಮಂಡಿ ನೋವು ಬರ್ತಿರ್ಲಿಲ್ಲ. ಚರ್ಚಿಗೆ ಬರದೆ ಗಾಲ್ಫ್ ಆಡೋಕೆ ಹೋಗ್ತಿದ್ದೆ. ಅತ್ತೆ ಹೆಣೆದು ಕೊಟ್ಟ ಸ್ವೆಟರ್ ಕಳುವಾಗಿಲ್ಲ, ದಾನಕ್ಕೆ ಕೊಟ್ಟೆ. ನಿನ್ನ ನೀಲಿ ಹೂದಾನಿ ಒಡೆದಿದ್ದು ಬೆಕ್ಕಲ್ಲ.”

“ನಿಮ್ಮ ಮಂಡಿಗೋಸ್ಕರ ನಾವು ಆರು ವಾರ ಪ್ರಾರ್ಥನೆ ಮಾಡಿದ್ವಲ್ರೀ,” ಎಂದರು ಪಾದ್ರಿಗಳು ನೊಂದು.

ಐಲ್ಸಾ ಈಗ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ನಾನು ಕೇಳಿದ್ದು ಅಮ್ಮನ್ನ,” ಎಂದಳು. “ಜೆಲ್ಲಿ ಇನ್ನೂ ಇದೆಯಾ ಅಂತ.”